ಪ್ಲಾನ್ ಏರಿಸುವ ಮೊದಲು ಮನೆಯೊಳಗಿನ ತಂತಿ ನೋಡಬೇಕು

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಹೋಗಿಬಂದ ಹಳಬರಿಗೆ ದೌಂಡ ಜಂಕ್ಷನ್ ಮರೆಯುವಂಥದ್ದಲ್ಲ. ಕಲಬುರಗಿ, ಸೊಲ್ಲಾಪುರ ದಾಟಿ ಚೆನ್ನಾಗಿಯೇ ಓಡಿ ಬಂದ ಗಾಡಿ ಇಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಮನ್ಮಾಡ್ ಮಾರ್ಗಕ್ಕೆ ಹೊರಳಬೇಕಾದರೆ ಎಂಜಿನ್ನನ್ನು ಒಂದು ತುದಿಯಿಂದ ಕಳಚಿ ಇನ್ನೊಂದು ತುದಿಗೆ ತಂದು ಜೋಡಿಸಬೇಕಿತ್ತು. ಒಳಗೆ ಕೂತವರು ಗಾಡಿಗೂ ಚಾಲಕನಿಗೂ ಬೈಯುತ್ತಿದ್ದರು. ಆದರೆ ತಪ್ಪು ಎಂಜಿನ್ನಿನದೂ ಅಲ್ಲ, ಹಳಿಯದೂ ಅಲ್ಲ. ಎರಡು ಮಾರ್ಗ ಕೂಡುವ ಆ ಒಂದು ಜಾಗದ್ದು. ಮುಂದೆ ಅಲ್ಲಿ ಕಾರ್ಡ್ ಲೈನ್ ಹಾಕಿ, ಸೊಲ್ಲಾಪುರ ಕಡೆಯ ಗಾಡಿ ನೇರವಾಗಿ ಮನ್ಮಾಡ್ ದಾರಿ ಹಿಡಿಯುವಂತಾದ ಮೇಲೆ ಎಂಜಿನ್ ತಿರುಗಿಸುವ ಕೆಲಸ ತಪ್ಪಿತು. ಅದರ ಬದಲು ಎರಡು ಪಟ್ಟು ಶಕ್ತಿಯ ಎಂಜಿನ್ ತಂದಿದ್ದರೆ ಒಂದು ನಿಮಿಷವೂ ಉಳಿಯುತ್ತಿರಲಿಲ್ಲ.

ಅದೇ ದೌಂಡದ ಕನ್ನಡಿಗರ ಮನೆಗಳಲ್ಲಿ ಈಗ ಇಂಥದೇ ಒಂದು ತಪ್ಪು ಬೈಗುಳ ನಡೆದಿದೆ. ಕಂಪ್ಯೂಟರಿನಲ್ಲಿ ನೆಟ್ ನಿಧಾನವಾದ ಕೂಡಲೇ ಕಂಪನಿಯನ್ನು ದೂರುವುದು, ಕಂಪನಿಯವರು ಹೇಳಿದಂತೆ ಹೆಚ್ಚಿನ ಪ್ಲಾನ್ ಹಾಕಿಸುವುದು, ಅದರಿಂದಲೂ ಸರಿಹೋಗದಿದ್ದರೆ ಹೊಸ ಕಂಪ್ಯೂಟರ್ ತರುವುದು. ಹಣ ಹೋಗುತ್ತದೆ, ಸುತ್ತುವ ಚಕ್ರ ಪರದೆಯ ಮೇಲೆ ಸುತ್ತುತ್ತಲೇ ಇರುತ್ತದೆ.

ಇದು ಒಂದೆರಡು ಮನೆಗಳ ಖಾಸಗಿ ತೊಂದರೆ ಎಂದು ಸಂಘ-ಸಂಸ್ಥೆಗಳು ಕಡೆಗಣಿಸುವಂತಿಲ್ಲ. ಪುಣೆ ನಗರದಲ್ಲಿರುವವರಿಗೆ ಸಂಘವಿದೆ, ಕನ್ನಡ ಶಾಲೆಯಿದೆ, ತಿಂಗಳಿಗೊಂದಾದರೂ ಕಾರ್ಯಕ್ರಮವಿದೆ. ಸುಮಾರು 75 ಕಿಲೋಮೀಟರ್ ಆಚೆ ಭೀಮಾ ತೀರದ ದೌಂಡದಲ್ಲಿ ನೆಲೆಸಿದವರ ಕಥೆ ಬೇರೆ. ಕಲಬುರಗಿ, ವಾಡಿ, ವಿಜಯಪುರ ಕಡೆಯಿಂದ ರೈಲ್ವೆ ನೌಕರಿಗೆ ಬಂದವರು, ಕರಾವಳಿಯಿಂದ ಹೊಟೇಲು ವ್ಯವಹಾರಕ್ಕೆ ಬಂದವರು, ಕುರ್ಕುಂಭದ ಕಾರ್ಖಾನೆಗಳಲ್ಲಿ ಕೆಲಸ ಹಿಡಿದವರು, ಇವರೆಲ್ಲ ಸಂಜೆಯ ಕಾರ್ಯಕ್ರಮ ಮುಗಿಸಿ ರಾತ್ರಿ ಊರಿಗೆ ಮರಳುವುದು ಸುಲಭದ ಮಾತಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಸಭೆ, ಉಪನ್ಯಾಸ, ಮಕ್ಕಳ ಕನ್ನಡ ತರಗತಿ ಎಲ್ಲವೂ ಪರದೆಯ ಮೇಲೆ ಬಂದಾಗ ಮೊದಲ ಬಾರಿಗೆ ಇಂಥ ದೂರದ ಸದಸ್ಯರು ಮುಂದಿನ ಸಾಲಿನಲ್ಲಿ ಕೂರುವಂತಾಯಿತು. ಊರಿನ ಜಮೀನಿನ ಪಹಣಿ ನೋಡುವುದು, ನಿವೃತ್ತರ ಪಿಂಚಣಿ ಕಾಗದ, ಮಕ್ಕಳ ಪ್ರವೇಶ ಅರ್ಜಿ, ಬೆಳಗಿನ ಕನ್ನಡ ಪತ್ರಿಕೆ ಎಲ್ಲವೂ ಈಗ ಆ ಒಂದು ತಂತಿಯ ಮೂಲಕವೇ ಬರಬೇಕು. ತಂತಿ ಕೈಕೊಟ್ಟರೆ ಸದಸ್ಯನೊಬ್ಬ ಸದ್ದಿಲ್ಲದೆ ಸಂಘದಿಂದ ದೂರವಾಗುತ್ತಾನೆ. ರಾಜೀನಾಮೆ ಪತ್ರ ಬರುವುದಿಲ್ಲ, ಅಷ್ಟೇ.

ಇಂಥ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಯಜಮಾನರು ರೈಲ್ವೆಯಿಂದ ನಿವೃತ್ತರು, ವಯಸ್ಸು ಎಪ್ಪತ್ತು ದಾಟಿದೆ. ಮಗ ಓದುವ ಕಾಲಕ್ಕೆ ತಂದ ಕಂಪ್ಯೂಟರ್ ಮೂಲೆಯ ಮೇಜಿನ ಕೆಳಗಿದೆ. ಮಗ ಬೆಂಗಳೂರಿಗೆ ಹೋದ ಮೇಲೆ ಅದು ಹಿರಿಯರ ಪಾಲಿಗೆ ಬಂದಿದೆ. ಮೊಬೈಲಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಹಿಡಿಸುವುದಿಲ್ಲ. ಭಾನುವಾರ ಮೊಮ್ಮಗಳು ವಿಡಿಯೋದಲ್ಲಿ ಬರುತ್ತಾಳೆ. ಎರಡು ನಿಮಿಷಕ್ಕೇ, “ಅಜ್ಜಾ, ನಿಮ್ಮ ಮಾತು ಕಡದು ಕಡದು ಬರಾಕತ್ತೈತಿ, ಆಮ್ಯಾಲೆ ಮಾಡ್ತೀನಿ” ಎನ್ನುತ್ತಾಳೆ. ಅಜ್ಜ ನೆಟ್‌ನವನಿಗೆ ಫೋನು ಮಾಡುತ್ತಾರೆ. ಬಂದ ಹುಡುಗ ತನ್ನ ಮೊಬೈಲಿನಲ್ಲಿ ವೇಗ ಅಳೆದು ತೋರಿಸಿ, “ಕಾಕಾ, ಲೈನ್ ಸರಿ ಇದೆ, ಪ್ಲಾನ್ ವಾಢವಾ” ಎಂದು ಹೊರಡುತ್ತಾನೆ. ಅವನು ಸುಳ್ಳು ಹೇಳಿದನೆಂದಲ್ಲ. ಅವನು ಅಳೆದದ್ದು ರೂಟರಿನ ಎದುರಿಗೆ ನಿಂತು; ಅಜ್ಜನ ಕಂಪ್ಯೂಟರ್ ಇರುವುದು ಎರಡು ಗೋಡೆ, ಒಂದು ಕಬ್ಬಿಣದ ಅಲಮಾರಿನ ಆಚೆ.

ಪ್ಲಾನಿನ ಅಂಕಿಯ ಅರ್ಥವನ್ನು ಮೊದಲು ತಿಳಿಯಬೇಕು, ಏಕೆಂದರೆ ಅರ್ಧ ಜಗಳ ಇಲ್ಲಿಂದಲೇ ಹುಟ್ಟುತ್ತದೆ. ಕಂಪನಿ ಹೇಳುವ 40 ಎಂಬಿಪಿಎಸ್ ಎನ್ನುವುದು ಸೆಕೆಂಡಿಗೆ 40 ಮೆಗಾಬಿಟ್. ಕಂಪ್ಯೂಟರ್ ಫೈಲು ಇಳಿಸುವಾಗ ತೋರಿಸುವುದು ಮೆಗಾಬೈಟ್. ಎಂಟು ಬಿಟ್ ಸೇರಿ ಒಂದು ಬೈಟ್. ಹಾಗಾಗಿ 40ರ ಪ್ಲಾನಿನಲ್ಲಿ ಪರದೆಯ ಮೇಲೆ 5 ಎಂದು ಕಂಡರೆ ಮೋಸವೇನೂ ಆಗಿಲ್ಲ. 700 ಮೆಗಾಬೈಟಿನ ಒಂದು ಯಕ್ಷಗಾನದ ವಿಡಿಯೋ ಇಳಿಯಲು ಏನೂ ಅಡ್ಡಿಯಿಲ್ಲದಿದ್ದರೂ 140 ಸೆಕೆಂಡು ಬೇಕೇ ಬೇಕು. ಇನ್ನೊಂದು ಕಡೆ, ಸ್ಪಷ್ಟವಾದ ಎಚ್‌ಡಿ ವಿಡಿಯೋ ನೋಡಲು 5 ಎಂಬಿಪಿಎಸ್ ಸಾಕು, ವಿಡಿಯೋ ಮಾತುಕತೆಗೆ ಅದಕ್ಕಿಂತಲೂ ಕಡಿಮೆ. ಇಬ್ಬರೇ ಇರುವ ಮನೆಗೆ 40 ಸಾಲದು, 200 ಬೇಕು ಎನ್ನುವವರ ಮಾತನ್ನು ಹಾಗೆಯೇ ನಂಬಬೇಕಿಲ್ಲ.

ಹಿಂದೆ ಇದ್ದದ್ದೆಷ್ಟು ಎಂದು ನೆನೆದರೆ ನಗು ಬರುತ್ತದೆ. ಟೆಲಿಫೋನ್ ತಂತಿಯಲ್ಲಿ ಡಯಲ್ ಮಾಡಿ ನೆಟ್ ಹಿಡಿಯುತ್ತಿದ್ದ ದಿನಗಳಲ್ಲಿ ಹೆಚ್ಚೆಂದರೆ 56 ಕಿಲೋಬಿಟ್, ಅದೂ ಮನೆಯ ಫೋನು ಬಂದ್ ಆಗಿ. ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯಿತು, 2023ರಲ್ಲಿ ಕನಿಷ್ಠ 2 ಎಂಬಿಪಿಎಸ್ ಎಂದಾಯಿತು. ಅಂದರೆ ಅಜ್ಜನ ಮನೆಗೆ ಬರುವ 40, ಕಾನೂನಿನ ಕನಿಷ್ಠದ ಇಪ್ಪತ್ತು ಪಟ್ಟು. ಹಾಗಿದ್ದೂ ಮೊಮ್ಮಗಳ ಮಾತು ಕಡಿದು ಬರುತ್ತದೆಯೆಂದರೆ ದಾರಿಯಲ್ಲೆಲ್ಲೋ ಎಂಜಿನ್ ತಿರುಗಿಸುವ ಜಾಗವಿದೆ.

ಅದನ್ನು ಹುಡುಕುವ ರೀತಿ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು. ಮೊದಲ ಕೆಲಸಕ್ಕೆ ಖರ್ಚು ಕೂಡ ಇಲ್ಲ. ರೂಟರನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಬೇಕು. ಬೇಸಿಗೆಯಲ್ಲಿ ದೌಂಡದ ಬಿಸಿಲು ಗೊತ್ತೇ ಇದೆ. ಟಿವಿ ಷೋಕೇಸಿನ ಗಾಜಿನ ಬಾಗಿಲ ಹಿಂದೆ, ಮೇಲೊಂದು ಕಸೂತಿ ಬಟ್ಟೆ ಹೊದಿಸಿಕೊಂಡು ಕೂತ ರೂಟರ್ ಕಾದು ಕಂಗೆಡುವುದರಲ್ಲಿ ಆಶ್ಚರ್ಯವಿಲ್ಲ. ಬಟ್ಟೆ ತೆಗೆದರೆ ಮನೆಯವರಿಗೆ ಸ್ವಲ್ಪ ಬೇಸರವಾಗಬಹುದು. ಆದರೂ ತೆಗೆಯುವುದೇ ಒಳ್ಳೆಯದು.

ಅನಂತರದ ಪರೀಕ್ಷೆ ಎಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಹೆಚ್ಚಿನವರು ಮಾಡದೆ ಬಿಡುವುದೂ ಅದನ್ನೇ. ವೈಫೈ ಬಿಟ್ಟು, ರೂಟರಿನಿಂದ ಕಂಪ್ಯೂಟರಿಗೆ ನೇರ ಕೇಬಲ್ ಹಾಕಿ ವೇಗ ಅಳೆಯಬೇಕು. ಮನೆಯ ಬೇರೆ ಮೊಬೈಲು, ಟಿವಿಗಳ ನೆಟ್ ಆ ಹೊತ್ತಿಗೆ ಆರಿಸಿರಬೇಕು. ಕೇಬಲಿನಲ್ಲಿ ಪ್ಲಾನಿನಷ್ಟು ವೇಗ ಬಂದರೆ ಕಂಪನಿಯ ಲೈನು ಸರಿಯಿದೆ, ದೋಷ ಮನೆಯ ಗಾಳಿಯಲ್ಲಿದೆ ಎಂದರ್ಥ. ಕೇಬಲಿನಲ್ಲೂ ಬಾರದೆ, ಅದೇ ಕೇಬಲ್ಲಿಗೆ ಬೇರೆಯವರ ಲ್ಯಾಪ್‌ಟಾಪ್ ಚುಚ್ಚಿದಾಗ ಬಂದರೆ ದೋಷ ಹಳೆಯ ಕಂಪ್ಯೂಟರಿನದು. ಎರಡರಲ್ಲೂ ಬಾರದಿದ್ದರೆ ಆ ಕೇಬಲನ್ನೂ ಒಮ್ಮೆ ಬದಲಿಸಿ ನೋಡಿ, ಆಮೇಲೆ ಕಂಪನಿಯ ಬಾಗಿಲು ತಟ್ಟಬಹುದು. ಇಷ್ಟು ತಿಳಿಯಲು ಒಂದು ಕೇಬಲ್, ಒಂದು ಲ್ಯಾಪ್‌ಟಾಪ್, ಇಪ್ಪತ್ತು ನಿಮಿಷ ಸಾಕು.

ಗಾಳಿಯ ದೋಷವೆಂದರೆ ವೈಫೈ ಹಾದುಬರುವ ದಾರಿಯ ದೋಷ. ಈಗಿನ ರೂಟರುಗಳು ಸಾಮಾನ್ಯವಾಗಿ ಎರಡು ತರಂಗಗಳಲ್ಲಿ ಬಿಡುತ್ತವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. ಆದರೆ ಅಕ್ಕಪಕ್ಕದವರೆಲ್ಲರ ರೂಟರು, ಬ್ಲೂಟೂತು, ಅಡುಗೆಮನೆಯ ಮೈಕ್ರೋವೇವ್ ಓವನ್ ಎಲ್ಲವೂ ಅದೇ ಹಾದಿಯಲ್ಲಿವೆ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲುಗಳು 1, 6 ಮತ್ತು 11, ಮೂರೇ ಮೂರು. ಒಂದೇ ಸೊಸೈಟಿಯ ಇಪ್ಪತ್ತು ಮನೆ ಈ ಮೂರರಲ್ಲಿ ನುಗ್ಗಿದರೆ ಸಂಜೆಯ ಪ್ಯಾಸೆಂಜರ್ ಗಾಡಿಯ ಸ್ಥಿತಿಯೇ. 5 ಗಿಗಾಹರ್ಟ್ಸಿನಲ್ಲಿ ಜಾಗ ಧಾರಾಳ, ವೇಗ ಹೆಚ್ಚು. ಆದರೆ ದಪ್ಪ ಕಲ್ಲಿನ ಗೋಡೆ, ಆರ್‌ಸಿಸಿ ಕಂಬ ಬಂದರೆ ಸೋಲುತ್ತದೆ. ಹತ್ತಿರವಿದ್ದರೆ 5, ದೂರವಿದ್ದರೆ 2.4, ಇಷ್ಟು ನೆನಪಿದ್ದರೆ ಸಾಕು.

ಮೇಜಿನ ಕಂಪ್ಯೂಟರಿಗೆ ಇದರ ಮೇಲೆ ಇನ್ನೊಂದು ಗ್ರಹಚಾರವಿದೆ. ಹಳೆಯ ಡೆಸ್ಕ್‌ಟಾಪುಗಳಲ್ಲಿ ವೈಫೈ ಒಳಗಿರುವುದಿಲ್ಲ. ಬೆರಳ ತುದಿಯಷ್ಟು ಡಾಂಗಲ್ ತಂದು ಸಿಪಿಯುವಿನ ಹಿಂಬದಿಯಲ್ಲಿ ಚುಚ್ಚುತ್ತಾರೆ. ಮುಂದೆ ತಗಡಿನ ಡಬ್ಬಿ, ಹಿಂದೆ ಗೋಡೆ, ಮೇಲೆ ಮೇಜಿನ ಹಲಗೆ. ಪಾಪ, ಅದಕ್ಕೆ ಏನು ಕೇಳಿಸೀತು! ಪಕ್ಕದ ಯುಎಸ್‌ಬಿ 3 ಕಿಂಡಿಯಲ್ಲಿ ಹಾರ್ಡ್ ಡಿಸ್ಕ್ ಚುಚ್ಚಿದ್ದರಂತೂ ಅದರ ಗದ್ದಲವೂ 2.4ರ ಮೇಲೆಯೇ ಬೀಳುತ್ತದೆ. ಇದು ಇಂಟೆಲ್ ಕಂಪನಿಯೇ 2012ರಲ್ಲಿ ಒಪ್ಪಿ ಬರೆದ ಸಂಗತಿ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿ ತಂದು ಡಾಂಗಲನ್ನು ಮೇಜಿನ ಮೇಲಕ್ಕೆ ತಂದಿಟ್ಟರೆ ಎಷ್ಟೋ ಮನೆಗಳಲ್ಲಿ ಕಾಯಿಲೆ ಅಲ್ಲಿಗೇ ಗುಣವಾಗುತ್ತದೆ. ಇನ್ನೂ ಉತ್ತಮವೆಂದರೆ ಕೇಬಲ್. ಮೇಜಿನ ಕಂಪ್ಯೂಟರ್ ಎದ್ದು ಓಡಾಡುವ ವಸ್ತುವಲ್ಲ. ಅದಕ್ಕೆ ವೈಫೈ ಏಕೆ ಬೇಕು ಎಂದು ಯಾರೂ ಕೇಳುವುದಿಲ್ಲ.

ಕೇಬಲಿನಲ್ಲೂ ಒಂದು ಸೂಕ್ಷ್ಮವಿದೆ. ಅದರೊಳಗೆ ನಾಲ್ಕು ಜೊತೆ ತಂತಿಗಳಿರುತ್ತವೆ. ನಾಲ್ಕೂ ಸರಿಯಿದ್ದರೆ 1000 ಎಂಬಿಪಿಎಸ್ ತನಕ ಓಡುತ್ತದೆ. ಇಲಿ ಕಚ್ಚಿಯೋ, ಬಾಗಿಲ ಸಂದಿಯಲ್ಲಿ ಸಿಕ್ಕಿಯೋ ಒಂದು ಜೊತೆ ಹೋದರೆ ಕೇಬಲ್ ಪೂರ್ತಿ ಸಾಯದೆ 100ಕ್ಕೆ ಇಳಿದು ಕೂರಬಹುದು. ಹಳೆಯ ರೂಟರುಗಳ ಕಿಂಡಿಯೇ 100ರದ್ದಾಗಿರುವುದೂ ಉಂಟು. ಹೀಗಿರುವಾಗ 200ರ ಪ್ಲಾನಿಗೆ ಹಣ ಕಟ್ಟಿದವರು ಪ್ರತಿ ತಿಂಗಳೂ ಅರ್ಧ ವೇಗವನ್ನು ಕಂಪನಿಗೇ ದಾನ ಮಾಡಿದಂತೆ.

ಇನ್ನು ಕಂಪ್ಯೂಟರಿನ ವಿಷಯ. ನೆಟ್ ನಿಧಾನ ಎಂದು ದೂರು ಬರುವ ಮನೆಗಳಲ್ಲಿ ನೆಟ್ ಚೆನ್ನಾಗಿಯೇ ಇದ್ದು, ಕಂಪ್ಯೂಟರ್ ಏದುಸಿರು ಬಿಡುತ್ತಿರುವುದು ಉಂಟು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಡಿಸ್ಕ್ ಎಂಬ ಕಾಲಂ ಸದಾ 100 ತೋರಿಸುತ್ತಿದ್ದರೆ ಒಳಗಿನ ತಿರುಗುವ ಹಾರ್ಡ್ ಡಿಸ್ಕ್ ಸೋತಿದೆ ಎಂದು ತಿಳಿಯಬೇಕು. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ನೆಟ್‌ವರ್ಕ್ ಕಾಲಂ ನೋಡಿದರೆ ಯಾವ ಪ್ರೋಗ್ರಾಂ ಗುಟ್ಟಾಗಿ ನೆಟ್ ಕುಡಿಯುತ್ತಿದೆ ಎಂದೂ ತಿಳಿಯುತ್ತದೆ. ವಿಂಡೋಸ್ ಅಪ್‌ಡೇಟ್ ಇಳಿಯುತ್ತಿರಬಹುದು, ಮದುವೆಯ ಫೋಟೋಗಳೆಲ್ಲ ಒನ್‌ಡ್ರೈವಿಗೆ ಏರುತ್ತಿರಬಹುದು. ಏರುವ ದಾರಿ ತುಂಬಿದರೆ ಇಳಿಯುವುದೂ ತಡೆಯುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಹಳೆಯ ವಿಂಡೋಸ್ ಇನ್ನೂ ನಡೆಯುತ್ತದಲ್ಲ ಎನ್ನುವವರಿಗೆ ಒಂದು ಮಾತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು. 2023ರ ಫೆಬ್ರವರಿಯಿಂದ ಹೊಸ ಕ್ರೋಮ್ ಕೂಡ ಅದರಲ್ಲಿ ಕೂರುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ಕೆಲಸ ಮಾಡುವ ಯಂತ್ರದಲ್ಲಿ ಇದು ವೇಗದ ಪ್ರಶ್ನೆಯಲ್ಲ, ಬೀಗದ ಪ್ರಶ್ನೆ.

ಬೀಗದ ಮಾತು ಬಂದಾಗ ಸಂಘಗಳು ಗಟ್ಟಿಯಾಗಿಯೇ ಹೇಳಬೇಕಾದ ಎಚ್ಚರಿಕೆ ಒಂದಿದೆ. ನೆಟ್ ನಿಧಾನವಾಯಿತೆಂದು ಹಿರಿಯರು ಗೂಗಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಮೇಲೆ ಕಾಣುವ ನಂಬರ್ ವಂಚಕನದಾಗಿರಬಹುದು. ಅವನು ಬಹಳ ಮರ್ಯಾದೆಯಿಂದ ಮಾತಾಡಿ, ಇನ್ನೊಬ್ಬರ ಕಂಪ್ಯೂಟರನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಸಿ, ಹತ್ತು ರೂಪಾಯಿ ಕಟ್ಟಿ ಎನ್ನುತ್ತಾನೆ. ಆ ಹತ್ತು ರೂಪಾಯಿ ಕಟ್ಟುವಾಗ ಒತ್ತಿದ ಪಾಸ್‌ವರ್ಡ್ ಅವನ ಕಣ್ಣಿಗೆ ಬೀಳುತ್ತದೆ. ಜೀವಮಾನದ ಪ್ರಾವಿಡೆಂಟ್ ಫಂಡ್ ಹೋಗಲು ಅಷ್ಟು ಸಾಕು. ಕಂಪನಿಯ ನಂಬರನ್ನು ಬಿಲ್ಲಿನಿಂದ ಮಾತ್ರ ತೆಗೆದುಕೊಳ್ಳಬೇಕು. ಹಣ ಹೋದರೆ ಆ ಕ್ಷಣವೇ 1930ಕ್ಕೆ ಫೋನು ಮಾಡಬೇಕು. ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ ಎಂದು ಪರದೆಯ ಮೇಲೆ ಕುಣಿಯುವ ಉಚಿತ ಸಾಫ್ಟ್‌ವೇರುಗಳೂ ಇದೇ ಜಾತಿಯವು.

ಎಲ್ಲ ತಪ್ಪೂ ಗ್ರಾಹಕರದೇ, ಕಂಪನಿಗಳು ಶುದ್ಧ ಎಂದು ಇದರ ಅರ್ಥವಲ್ಲ. ಬೆಳಿಗ್ಗೆ ಆರಕ್ಕೆ ಓಡುವ ನೆಟ್ ರಾತ್ರಿ ಎಂಟರಿಂದ ಹನ್ನೊಂದರ ತನಕ ತೆವಳುತ್ತಿದ್ದರೆ, ಅದೂ ಕೇಬಲಿನಲ್ಲಿ ಅಳೆದಾಗ, ದೋಷ ಖಂಡಿತ ಹೊರಗಿನದು. ಮನೆಗೆ ಬರುವ ಫೈಬರ್ ಒಂದೇ ಮನೆಯದಲ್ಲ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಸೀಳುತ್ತಾರೆ. ಅದರ ಮೇಲೆ ಸ್ಥಳೀಯ ಕೇಬಲ್‌ನವನು ತಾನು ಕೊಂಡ ಸಾಮರ್ಥ್ಯಕ್ಕಿಂತ ಹೆಚ್ಚು ಗಿರಾಕಿಗಳನ್ನು ಸೇರಿಸಿದ್ದರೆ ಧಾರಾವಾಹಿಯ ಹೊತ್ತಿಗೆ ಎಲ್ಲರೂ ಒದ್ದಾಡಬೇಕು. ಕಿಟಕಿಯ ಸಂದಿಯಲ್ಲಿ ಫೈಬರ್ ಮುರಿದಂತೆ ಬಾಗಿದ್ದರೂ ಬೆಳಕು ಸೋರುತ್ತದೆ. ಬಂದ ಹುಡುಗನ ಬಳಿ ಪವರ್ ಮೀಟರ್ ಇರುತ್ತದೆ, ಅಂಕಿ ಎಷ್ಟು ಎಂದು ಕೇಳಲು ಸಂಕೋಚ ಬೇಡ. ಮೈನಸ್ 27ರ ಆಚೆ ಇದ್ದರೆ ಪ್ಲಾನ್ ಏರಿಸುವ ಮಾತನ್ನು ಅವನು ಆಡುವಂತಿಲ್ಲ, ಲೈನ್ ಸರಿಮಾಡಿಯೇ ಹೋಗಬೇಕು. ತಿಂಗಳ ಡೇಟಾ ಮಿತಿ ಮುಗಿದು ವೇಗ ಇಳಿದಿದೆಯೇ ಎಂಬುದನ್ನೂ ಅವನಿಂದಲೇ ಕೇಳಿ ತಿಳಿಯಬಹುದು.

ಇಲ್ಲಿ ಹೊರನಾಡ ಕನ್ನಡಿಗರ ಒಂದು ಹಳೆಯ ಸ್ವಭಾವ ಅಡ್ಡ ಬರುತ್ತದೆ. ಮೂವತ್ತು-ನಲವತ್ತು ವರ್ಷ ಇಲ್ಲೇ ಇದ್ದು ಮರಾಠಿಯನ್ನು ಮನೆಮಾತಿನಷ್ಟೇ ಸಲೀಸಾಗಿ ಆಡುವವರೂ ದೂರು ಕೊಡುವ ಮಾತು ಬಂದಾಗ, ಹೊರಗಿನಿಂದ ಬಂದವರು, ಏಕೆ ಜಗಳ ಎಂದು ಸುಮ್ಮನಾಗುತ್ತಾರೆ. ಬಿಲ್ಲು ಕಟ್ಟುವಾಗ ಯಾರೂ ಹೊರಗಿನವರಲ್ಲ. ಮೂರು ದಿನ, ದಿನಕ್ಕೆ ಮೂರು ಹೊತ್ತು, ಕೇಬಲಿನಲ್ಲಿ ಅಳೆದ ವೇಗವನ್ನು ಸಮಯದ ಸಮೇತ ಒಂದು ಕಾಗದದಲ್ಲಿ ಬರೆದಿಟ್ಟು, ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ ಪಡೆಯಬೇಕು. ಪರಿಹಾರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಟ್ರಾಯ್ 2012ರ ನಿಯಮಗಳಲ್ಲೇ ದಾರಿ ಮಾಡಿಕೊಟ್ಟಿದೆ. ನೆಟ್ ಸ್ಲೋ ಇದೆ ಎಂದು ಕೂಗಾಡುವವನಿಗಿಂತ, ಕೇಬಲಿನಲ್ಲಿ ರಾತ್ರಿ ಒಂಬತ್ತಕ್ಕೆ 3, ಬೆಳಿಗ್ಗೆ ಆರಕ್ಕೆ 39 ಎಂದು ಕಾಗದ ತೋರಿಸುವವನಿಗೆ ಉತ್ತರ ಬೇಗ ಸಿಗುತ್ತದೆ.

ಆದರೆ ಎಪ್ಪತ್ತು ದಾಟಿದ ಅಜ್ಜ ಮೇಜಿನ ಕೆಳಗೆ ಬಗ್ಗಿ ಡಾಂಗಲ್ ಕೀಳಬೇಕೆಂದು ಹೇಳುವುದು ನ್ಯಾಯವಲ್ಲ. ಪುಣೆಯ ಸಂಘಗಳ ಯುವ ವಿಭಾಗಗಳು ಏನು ಮಾಡಬೇಕೆಂಬ ಚರ್ಚೆ ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಆಗುತ್ತದೆ. ಕ್ರಿಕೆಟ್ ಪಂದ್ಯಾಟ, ಪುಸ್ತಕ ವಿತರಣೆ, ಪ್ರತಿಭಾ ಪುರಸ್ಕಾರ ಇವೆಲ್ಲ ಬೇಕಾದವೇ. ಹಿಂಜವಡಿಯ ಕಂಪನಿಗಳಲ್ಲಿ ದಿನವಿಡೀ ಕಂಪ್ಯೂಟರಿನೊಂದಿಗೇ ಬಾಳುವ ಯುವಕ-ಯುವತಿಯರು ಸದಸ್ಯರಲ್ಲಿ ಇರುವಾಗ, ಅವರನ್ನು ಸ್ವಾಗತ, ವಂದನಾರ್ಪಣೆಗಷ್ಟೇ ಮೀಸಲಿಡುವುದು ಸಂಘಗಳಿಗೇ ನಷ್ಟ. ಕಂಪನಿಯ ಹುಡುಗನಿಗೆ ಆ ಮನೆ ದಿನದ ಹತ್ತು ದೂರುಗಳಲ್ಲಿ ಒಂದು. ಕನ್ನಡದಲ್ಲಿ ಮಾತಾಡುತ್ತ ಬಂದ ಸಂಘದ ಹುಡುಗಿಗೆ ಅಜ್ಜಿ ಚಹಾ ಕೊಟ್ಟು, ಇನ್ನೇನೇನು ಕೆಟ್ಟಿದೆ ಎಂಬುದನ್ನೂ ಹೇಳುತ್ತಾರೆ.

ಸಂಘಗಳು ತಮ್ಮ ಕಡೆಯಿಂದಲೂ ಸ್ವಲ್ಪ ತಿದ್ದಿಕೊಳ್ಳಬೇಕು. ಆನ್‌ಲೈನ್ ಸಭೆಯಲ್ಲಿ ನೂರು ಜನರ ಕ್ಯಾಮೆರಾ ತೆರೆದಿಟ್ಟು, ಎರಡು ಗಂಟೆ ಸನ್ಮಾನದ ಭಾಷಣವನ್ನು ಅತ್ಯುಚ್ಚ ಗುಣಮಟ್ಟದಲ್ಲಿ ಬಿತ್ತರಿಸಿದರೆ ಹಳೆಯ ಕಂಪ್ಯೂಟರ್ ಮೊದಲು ಉಸಿರು ಬಿಡುತ್ತದೆ. ವೇದಿಕೆಯ ಒಂದು ಕ್ಯಾಮೆರಾ, ಸ್ಪಷ್ಟವಾದ ಧ್ವನಿ, ಮರುದಿನ ನೋಡಲು ಕಡಿಮೆ ಗಾತ್ರದ ಒಂದು ಪ್ರತಿ ಇದ್ದರೆ ದೌಂಡದವರಿಗೂ ಕೇಳಿಸುತ್ತದೆ. ಭಾಷಣ ಸ್ವಲ್ಪ ಚಿಕ್ಕದಾದರೆ ಪುಣೆಯವರೂ ಬೇಡ ಎನ್ನಲಾರರು.

ಭಾನುವಾರ ಬೆಳಿಗ್ಗೆ ಪುಣೆಯಿಂದ ದೌಂಡ ಗಾಡಿ ಹಿಡಿದರೆ ಐದಾರು ಮನೆ ನೋಡಿ ಸಂಜೆಗೆ ಮರಳಬಹುದು. ಚೀಲದಲ್ಲಿ ಹತ್ತು ಮೀಟರಿನ ಒಳ್ಳೆಯ ಕೇಬಲ್, ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್, ಒಂದು ಲ್ಯಾಪ್‌ಟಾಪ್, ಅಳೆದದ್ದನ್ನು ಬರೆದುಕೊಡಲು ಕಾಗದ ಇದ್ದರಾಯಿತು. ಯಾವ ಮನೆಗೆ ಮೊದಲು ಹೋಗಬೇಕೆಂಬ ಪಟ್ಟಿಗೆ ಹೆಚ್ಚು ಹುಡುಕಬೇಕಿಲ್ಲ. ಕಳೆದ ಒಂದು ವರ್ಷದಿಂದ ಆನ್‌ಲೈನ್ ಸಭೆಗೆ ಬಾರದವರ ಹೆಸರುಗಳು ಕಾರ್ಯದರ್ಶಿಗಳ ಬಳಿ ಇದ್ದೇ ಇರುತ್ತವೆ.